ಟನ್ನಿಗೆ ಎಷ್ಟು ಬಿತ್ತು? ಸಿಬಿಒದ ಯುದ್ಧನೌಕೆ ವೆಚ್ಚದ ವರದಿಗಳು: ಒಬ್ಬ ಎಸ್ಟಿಮೇಟರ್ ಕಣ್ಣಲ್ಲಿ

ಹಡಗಿನ ವೆಚ್ಚ ಅಂದಾಜು ಮಾಡುವುದನ್ನು ಕಲಿಯಬೇಕು ಅನ್ನುವವರಿಗೆ ದುಡ್ಡಿಲ್ಲದೆ ಸಿಗುವ ಸೇವೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅಮೆರಿಕದ ಸಂಸತ್ತಿಗೆ ಬಜೆಟ್ ಲೆಕ್ಕ ಹಾಕಿಕೊಡುವ ಕಾಂಗ್ರೆಷನಲ್ ಬಜೆಟ್ ಆಫೀಸ್, ಅಂದರೆ ಸಿಬಿಒ, ಅಲ್ಲಿನ ನೌಕಾಪಡೆ 30 ವರ್ಷಗಳ ಹಡಗು ನಿರ್ಮಾಣ ಯೋಜನೆ ಕೊಟ್ಟಾಗ ಅದನ್ನು ಎತ್ತಿಕೊಂಡು ತನ್ನದೇ ಮಾದರಿಯಲ್ಲಿ ಮೊದಲಿನಿಂದ ಲೆಕ್ಕ ಹಾಕುತ್ತದೆ. ನೌಕಾಪಡೆ ಹೇಳುವ ಬೆಲೆ ಇಷ್ಟು, ನಮ್ಮ ಲೆಕ್ಕಕ್ಕೆ ಬರುವುದು ಇಷ್ಟು, ವ್ಯತ್ಯಾಸ ಬಂದಿದ್ದು ಈ ಕಾರಣಕ್ಕೆ ಎಂದು ಬರೆದು ಎಲ್ಲರಿಗೂ ಬಿಟ್ಟುಕೊಡುತ್ತದೆ. ಲಾಗಿನ್ ಬೇಡ, ಚಂದಾ ಬೇಡ. ವರದಿಯ ಜೊತೆಗೆ ಚಿತ್ರಗಳ ಹಿಂದಿನ ಅಂಕಿಅಂಶಗಳೂ ಎಕ್ಸೆಲ್ ಷೀಟಿನಲ್ಲಿ ಸಿಗುತ್ತವೆ. 1974ರ ಕಾಯ್ದೆಯಿಂದ ಹುಟ್ಟಿದ ಈ ಕಚೇರಿ ಇಂಥದ್ದನ್ನು ಮಾಡಿ, ಇಂಥದ್ದನ್ನು ಬಿಡಿ ಎಂದು ಶಿಫಾರಸು ಮಾಡುವುದಿಲ್ಲ. ಬೆಲೆ ಹೇಳುತ್ತದೆ, ಅಷ್ಟೇ.

ನನ್ನ ಕೆಲಸ ಟಗ್, ಬಾರ್ಜ್, ಡ್ರೆಡ್ಜರ್‌ಗಳಂಥ ಬಂದರು ಕೆಲಸದ ಹಡಗುಗಳ ಅಂದಾಜು ಪಟ್ಟಿ ಮಾಡುವುದು. ಯುದ್ಧನೌಕೆಗೂ ನಮಗೂ ನೇರ ಸಂಬಂಧವಿಲ್ಲ. ಆದರೂ ಈ ವರದಿಗಳನ್ನು ಬಿಡದೆ ಓದುತ್ತೇನೆ. ನಮ್ಮ ಕಸುಬಿನಲ್ಲಿ ಯಾರೂ ಯಾರಿಗೂ ತಮ್ಮ ಲೆಕ್ಕ ತೋರಿಸುವುದಿಲ್ಲ. ಹಡಗು ಕಟ್ಟುವ ಪ್ರತಿ ಯಾರ್ಡಿನ ಮ್ಯಾನ್-ಅವರ್ ದರ, ಅಂದರೆ ಒಬ್ಬನ ಒಂದು ಗಂಟೆ ದುಡಿಮೆಯ ದರ, ಅದರದ್ದೇ ಗುಟ್ಟು, ಪ್ರತಿ ಎಸ್ಟಿಮೇಟರ್ ಷೀಟಿಗೆ ಪಾಸ್‌ವರ್ಡ್. ಗೆದ್ದ ಟೆಂಡರಿನ ಹಡಗು ಕೊನೆಗೆ ನಿಜವಾಗಿ ಎಷ್ಟಕ್ಕೆ ಬಿತ್ತು ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಸಿಬಿಒ ವರದಿಯಲ್ಲಿ ಅಂದಾಜೂ ಕಾಣುತ್ತದೆ, ನಾಲ್ಕೈದು ವರ್ಷ ಕಳೆದ ಮೇಲೆ ನಿಜವಾಗಿ ಆದ ಬೆಲೆಯೂ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಅವರ ಮಾದರಿಯ ತಿರುಳು ತೂಕ. ಇಂಧನ, ನೀರು, ಮದ್ದುಗುಂಡು, ಜನ ಯಾವುದೂ ಇಲ್ಲದ ಬರಿಯ ಹಡಗಿನ ತೂಕಕ್ಕೆ ಲೈಟ್‌ಶಿಪ್ ತೂಕ ಅನ್ನುತ್ತೇವೆ. ಹಿಂದೆ ಕಟ್ಟಿದ ಅದೇ ಬಗೆಯ ಹಡಗಿಗೆ ಸಾವಿರ ಟನ್ನಿಗೆ ಎಷ್ಟು ಖರ್ಚಾಯಿತು ಎಂದು ನೋಡಿ, ಹೊಸ ಹಡಗಿನ ತೂಕಕ್ಕೆ ಹೊಂದಿಸುವುದು ಮೊದಲ ಹೆಜ್ಜೆ. ಹೊಸ ಬಗೆಯ ಮೊದಲ ಹಡಗಿಗೆ ಬೀಳುವ ಹೆಚ್ಚುವರಿ ಖರ್ಚು, ಒಂದೇ ಯಾರ್ಡಿನಲ್ಲಿ ಒಮ್ಮೆಗೆ ಎಷ್ಟು ಹಡಗು ಏಳುತ್ತವೆ ಎಂಬ ಲೆಕ್ಕ, ಕಟ್ಟುತ್ತಾ ಹೋದಂತೆ ಕೈ ಪಳಗಿ ಇಳಿಯುವ ಗಂಟೆಗಳು, ಬೆಲೆಯೇರಿಕೆ ಇವೆಲ್ಲ ಅದರ ಮೇಲೆ ಬರುತ್ತವೆ. ಕೇಳಲು ಒರಟು ವಿಧಾನ. ಆದರೆ ಹಡಗಿನ ತೂಕ ಸುಳ್ಳು ಹೇಳುವುದು ಕಷ್ಟ. ಹೊಸ ತಂತ್ರಜ್ಞಾನದಿಂದ ಉಳಿತಾಯ ಆಗುತ್ತದೆ, ಮಾಡ್ಯುಲರ್ ಜೋಡಣೆಯಿಂದ ಅಗ್ಗವಾಗುತ್ತದೆ ಎಂದು ಯಾರು ಬೇಕಾದರೂ ಬರೆಯಬಹುದು. ಏಳೂವರೆ ಸಾವಿರ ಟನ್ನಿನ ಉಕ್ಕು, ಕೇಬಲ್, ಪೈಪು, ಪಂಪುಗಳನ್ನು ಮಾತಿನಿಂದ ಹಗುರ ಮಾಡಲಾಗುವುದಿಲ್ಲ.

ಈ ವಿಧಾನ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಫ್ರಿಗೇಟ್ ಎಂಬ ಮಧ್ಯಮ ಗಾತ್ರದ ಯುದ್ಧನೌಕೆಯ ಬಗ್ಗೆ 2020ರ ಅಕ್ಟೋಬರಿನಲ್ಲಿ ಬಂದ ವರದಿಯನ್ನು ಓದಬೇಕು. ನನಗೆ ಅವರ ಎಲ್ಲ ಕೆಲಸದಲ್ಲಿ ಅತಿ ಪ್ರಿಯವಾದದ್ದು ಅದೇ. ಆ ವರ್ಷದ ಏಪ್ರಿಲ್ ಕೊನೆಗೆ ನೌಕಾಪಡೆ ಹೊಸ ಫ್ರಿಗೇಟಿನ ಗುತ್ತಿಗೆಯನ್ನು ಫಿಂಕಾಂತಿಯೆರಿ ಸಂಸ್ಥೆಯ ಮರಿನೆಟ್ ಯಾರ್ಡಿಗೆ ಕೊಟ್ಟಿತ್ತು. ಮೊದಲ ಹಡಗಿನ ವಿವರ ವಿನ್ಯಾಸ ಮತ್ತು ನಿರ್ಮಾಣಕ್ಕೆ 795 ಮಿಲಿಯನ್ ಡಾಲರ್. ಆ ಮೊತ್ತ ಪತ್ರಿಕೆಗಳಲ್ಲಿ ಹಡಗಿನ ಬೆಲೆಯೆಂದೇ ಓಡಾಡಿತು. ಅದು ಯಾರ್ಡಿನ ಬಿಲ್ಲು ಮಾತ್ರ. ರೇಡಾರು, ಕ್ಷಿಪಣಿ ಕೊಳವೆಗಳು, ಯುದ್ಧ ನಿರ್ವಹಣಾ ವ್ಯವಸ್ಥೆಯಂಥವನ್ನು ಸರ್ಕಾರವೇ ಬೇರೆ ಕಂಪನಿಗಳಿಂದ ಕೊಂಡು ಯಾರ್ಡಿಗೆ ಕಳಿಸುತ್ತದೆ. ಎಲ್ಲ ಸೇರಿಸಿ ಹತ್ತು ಹಡಗಿಗೆ 8.7 ಬಿಲಿಯನ್ ಡಾಲರ್ ಎಂದು ನೌಕಾಪಡೆ ಹೇಳಿತು. ಸಿಬಿಒ 12.3 ಬಿಲಿಯನ್ ಎಂದಿತು. ಸುಮಾರು 40 ಶೇಕಡಾ ಹೆಚ್ಚು.

ಆ ವರದಿಯ ವಾದ ಸರಳ. ನೌಕಾಪಡೆಯ ಬೆಲೆಯೇ ನಿಜವಾದರೆ, ಸಾವಿರ ಟನ್ನಿನ ಲೆಕ್ಕದಲ್ಲಿ ಇದು ಕಳೆದ 50 ವರ್ಷಗಳಲ್ಲಿ ಅಮೆರಿಕ ಕಟ್ಟಿದ ಅತಿ ಅಗ್ಗದ ಯುದ್ಧ ಹಡಗಾಗುತ್ತದೆ. ಸಾಧ್ಯವೇ ಇಲ್ಲ ಎಂದು ಅವರು ಹೇಳಲಿಲ್ಲ. ವಿನ್ಯಾಸ ಹೊಸದಲ್ಲ, ಇಟಲಿ ಮತ್ತು ಫ್ರಾನ್ಸಿನ ಫ್ರೆಮ್ ಹಡಗಿನದ್ದು, ನೀರಿಗಿಳಿದು ಓಡಾಡುತ್ತಿರುವ ಹಡಗು. ಬೆಲೆಯೂ ಪೈಪೋಟಿಯಲ್ಲಿ ಇಳಿದದ್ದು. ಆದ್ದರಿಂದ ನೌಕಾಪಡೆಯ ಅಂಕಿಯ ಹತ್ತಿರ ಬರಲೂಬಹುದು ಎಂದು ಎದುರಿನ ಪಕ್ಷದ ಮಾತನ್ನೂ ಇಟ್ಟರು. ಆಮೇಲೆ, ಹಿಂದಿನ ಹಡಗುಗಳ ಮೊದಲ ಅಂದಾಜು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಎಂಬುದನ್ನು ಮುಂದಿಟ್ಟರು. ಅಂದಾಜಿನೊಳಗೆ ಮುಗಿದದ್ದು ಬಲು ಅಪರೂಪ. ದಡದ ಹತ್ತಿರ ಕಾದಾಡಲೆಂದು ಕಟ್ಟಿದ ಚಿಕ್ಕ ಯುದ್ಧನೌಕೆ ಲಿಟೊರಲ್ ಕಾಂಬ್ಯಾಟ್ ಶಿಪ್‌ಗೆ 220 ಮಿಲಿಯನ್ ಡಾಲರಿನ ಗುರಿ ಇಟ್ಟುಕೊಂಡಿದ್ದರು. ಮೊದಲ ಎರಡು ಹಡಗುಗಳ ಬೆಲೆ ಅದರ ಎರಡು ಪಟ್ಟನ್ನೂ ದಾಟಿತು. ಓದುವವರಿಗೆ ತೀರ್ಮಾನ ತಾನಾಗೇ ಹೊಳೆಯುತ್ತದೆ.

ಮುಂದೆ ನಡೆದದ್ದು ಈಗ ಎಲ್ಲರಿಗೂ ಗೊತ್ತು. ಮೂಲ ವಿನ್ಯಾಸದ ಬಹುಪಾಲು ಹಾಗೇ ಉಳಿಯುತ್ತದೆ ಎಂಬ ಲೆಕ್ಕಾಚಾರದಿಂದ ಹೊರಟದ್ದು, ಅಮೆರಿಕದ ನಿಯಮಗಳಿಗೆ ಹೊಂದಿಸುತ್ತಾ ಹೊಂದಿಸುತ್ತಾ ಅಲ್ಪಭಾಗವಷ್ಟೇ ಮೂಲದಂತೆ ಉಳಿಯಿತು. ವಿನ್ಯಾಸ ಮುಗಿಯುವ ಮೊದಲೇ 2022ರಲ್ಲಿ ಉಕ್ಕು ಕತ್ತರಿಸಲು ಶುರು ಮಾಡಿದರು. 2024ರ ಮೇನಲ್ಲಿ ಜಿಎಒ, ಅಂದರೆ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ, ಹಡಗಿನ ತೂಕ ಯೋಜನೆಗಿಂತ 10 ಶೇಕಡಾಕ್ಕೂ ಹೆಚ್ಚು ಏರಿದೆ ಎಂದು ವರದಿ ಮಾಡಿತು. 2026ಕ್ಕೆ ಬರಬೇಕಿದ್ದ ಮೊದಲ ಹಡಗು 2029ಕ್ಕೆ ಹೋಯಿತು. 2025ರ ನವೆಂಬರಿನಲ್ಲಿ ಮೊದಲ ಎರಡು ಹಡಗುಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ರದ್ದು ಮಾಡಿದರು. ಸಿಬಿಒ ಈ ರದ್ದತಿಯನ್ನು ಮೊದಲೇ ಹೇಳಿರಲಿಲ್ಲ, ಅದು ಅವರ ಕೆಲಸವೂ ಅಲ್ಲ. ಈ ತೂಕದ ಹಡಗು ಈ ಬೆಲೆಗೆ ಬರುವುದು ಕಷ್ಟ ಎಂದಿದ್ದರು. ತೂಕ ಏರಿದಾಗ ಆ ಮಾತಿಗೆ ಇನ್ನಷ್ಟು ಭಾರ ಬಂತು.

ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ನಾನು ಈ ವರದಿಯನ್ನೇ ಮೊದಲು ಓದಿಸುತ್ತೇನೆ. ಯುದ್ಧನೌಕೆಯ ತೂಕದ ಪಟ್ಟಿಯನ್ನು ಗುಂಪುಗಳಾಗಿ ಒಡೆಯುವ ಪದ್ಧತಿ ಅಮೆರಿಕದ ನೌಕಾಪಡೆಯಲ್ಲಿದೆ. 100ನೇ ಗುಂಪು ಹಡಗಿನ ಒಡಲಿನ (ಹಲ್) ಉಕ್ಕು, 200 ಎಂಜಿನ್ ಮತ್ತು ಚಾಲನೆ, 300 ವಿದ್ಯುತ್, 400 ರೇಡಾರು ಮತ್ತು ಸಂಪರ್ಕ, 500 ಪಂಪು ಪೈಪುಗಳಂಥ ಸಹಾಯಕ ವ್ಯವಸ್ಥೆ, 600 ಒಳಗಿನ ಸಜ್ಜು (ಔಟ್‌ಫಿಟ್), 700 ಆಯುಧ. ಒಬ್ಬ ಕೇಳಿದ: "ಮೇಡಂ, ನಮ್ಮ ಟಗ್ಗಿಗೂ ಇದೇ ಗುಂಪು ಹಾಕಬಹುದಾ?" ಹಾಕಬಹುದು. 700 ಖಾಲಿ ಬಿಡಬೇಕು, 400 ಸಣ್ಣದಾಗುತ್ತದೆ, 200 ಬಹಳ ದೊಡ್ಡದಾಗುತ್ತದೆ, ಅಷ್ಟೇ. 100ನೇ ಗುಂಪಿನ ಒಂದು ಟನ್ನಿಗೂ 400ನೇ ಗುಂಪಿನ ಒಂದು ಟನ್ನಿಗೂ ಬೆಲೆಯಲ್ಲಿ ಅಜಗಜಾಂತರ ಎಂಬುದು ಒಮ್ಮೆ ತಲೆಗೆ ಹೋದರೆ, ಇಡೀ ಹಡಗಿಗೆ ಒಂದೇ ದರ ಹಾಕುವ ಅಭ್ಯಾಸ ಬಿಟ್ಟುಹೋಗುತ್ತದೆ.

2025ರ ಜನವರಿಯಲ್ಲಿ ಬಂದ ದೊಡ್ಡ ವರದಿಗೆ ಬರೋಣ. ನೌಕಾಪಡೆಯ 2025ರ ಯೋಜನೆಯಂತೆ 30 ವರ್ಷಗಳಲ್ಲಿ 364 ಹಡಗು ಕೊಳ್ಳಬೇಕು. ಸಿಬಿಒ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 40 ಬಿಲಿಯನ್ ಡಾಲರ್, ಎಲ್ಲ 2024ರ ಡಾಲರ್ ಮೌಲ್ಯದಲ್ಲಿ. ನೌಕಾಪಡೆಯ ಅಂದಾಜಿಗಿಂತ ಸುಮಾರು 17 ಶೇಕಡಾ ಹೆಚ್ಚು. ಹಿಂದಿನ ಐದು ವರ್ಷ ನಿಜವಾಗಿ ಕೊಟ್ಟ ಹಣದ ಸರಾಸರಿಗಿಂತ 46 ಶೇಕಡಾ ಹೆಚ್ಚು. ನಾನು ಹೆಚ್ಚು ಬೆಲೆ ಕೊಡುವುದು ಎರಡನೆಯ ಅಂಕಿಗೆ. ಅಂದಾಜು ತಪ್ಪೋ ಸರಿಯೋ ಎಂಬ ವಾದ ಒಂದು ಕಡೆ ಇರಲಿ, ಆ ಐದು ವರ್ಷಗಳಲ್ಲಿ ಸರಾಸರಿ ಇಷ್ಟು ಹಣ ಕೊಟ್ಟೇ ಇರಲಿಲ್ಲ ಎಂಬುದನ್ನು ಅದು ಮುಖದ ಮುಂದೆ ಹಿಡಿಯುತ್ತದೆ. ಹಡಗು ಕೊಂಡರೆ ಸಾಲದು, ಜನ, ಇಂಧನ, ರಿಪೇರಿ ಎಲ್ಲ ಬೇಕು. ಅವೆಲ್ಲ ಸೇರಿದರೆ ನೌಕಾಪಡೆಯ ವಾರ್ಷಿಕ ಬಜೆಟ್ 255 ಬಿಲಿಯನ್ನಿನಿಂದ 2054ರ ಹೊತ್ತಿಗೆ 340 ಬಿಲಿಯನ್ನಿಗೆ ಏರಬೇಕಾಗುತ್ತದೆ ಎಂದೂ ಅದೇ ವರದಿ ಹೇಳುತ್ತದೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಫ್ರಿಗೇಟಿಗಿಂತ ದೊಡ್ಡ ಯುದ್ಧನೌಕೆಯಾದ ಹೊಸ ಡೆಸ್ಟ್ರಾಯರ್, ಡಿಡಿಜಿ-ಎಕ್ಸ್. ನೌಕಾಪಡೆ ಹಡಗಿಗೆ ಸರಾಸರಿ 3.3 ಬಿಲಿಯನ್ ಎನ್ನುತ್ತದೆ, ಸಿಬಿಒ 4.4 ಬಿಲಿಯನ್. ಪೂರ್ತಿ ತುಂಬಿದಾಗ ಇದರ ತೂಕ 14,500 ಟನ್. ಈಗ ಕಟ್ಟುತ್ತಿರುವ ಡಿಡಿಜಿ-51ರ ಮೂರನೇ ಆವೃತ್ತಿಯದ್ದು 9,700 ಟನ್, ಬೆಲೆ ಎರಡೂವರೆ ಬಿಲಿಯನ್ ಆಚೀಚೆ. ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. 14,500ನ್ನು 9,700ರಿಂದ ಭಾಗಿಸಿದರೆ ಹತ್ತಿರಹತ್ತಿರ ಒಂದೂವರೆ. ಹಳೆಯ ಹಡಗಿನ ಟನ್ ದರವನ್ನೇ ಹಾಕಿದರೂ 3.7 ಬಿಲಿಯನ್ ಬರುತ್ತದೆ. ಸಿಬಿಒ ಹಾಕುವ ಲೆಕ್ಕ ಇದಕ್ಕಿಂತ ಸೂಕ್ಷ್ಮ, ಅದು ಲೈಟ್‌ಶಿಪ್ ತೂಕದ ಮೇಲೆ ನಡೆಯುತ್ತದೆ. ಇದು ನಾನು ಕಾಗದದ ಅಂಚಿನಲ್ಲಿ ಮಾಡುವ ಅಂದಾಜು. ಆದರೂ ನೌಕಾಪಡೆಯ 3.3 ಇದಕ್ಕಿಂತ ಕೆಳಗಿದೆ. ಅಂದರೆ, ಹೊಚ್ಚ ಹೊಸ ಒಡಲು, ಹೊಸ ವಿದ್ಯುತ್ ವ್ಯವಸ್ಥೆಯ ಹಡಗನ್ನು ದಶಕಗಳಿಂದ ಕಟ್ಟಿ ಕೈ ಪಳಗಿದ ಹಡಗಿಗಿಂತ ಟನ್ನಿಗೆ ಅಗ್ಗವಾಗಿ ಕಟ್ಟುತ್ತೇವೆ ಎಂದಂತಾಯಿತು. ನನ್ನ ಮೇಜಿಗೆ ಯಾರಾದರೂ ಇಂಥ ಟಗ್ಗಿನ ಅಂದಾಜು ತಂದರೆ ಸಹಿ ಹಾಕುವುದಿಲ್ಲ.

ಕೈ ಪಳಗುವ ಲೆಕ್ಕವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಈ ವರದಿಗಳನ್ನು ಓದಲು ಅದು ಬೇಕೇ ಬೇಕು. 1936ರಲ್ಲಿ ಟಿ. ಪಿ. ರೈಟ್ ವಿಮಾನ ತಯಾರಿಕೆಯಲ್ಲಿ ಗುರುತಿಸಿದ ನಿಯಮ ಇದು: ಒಟ್ಟು ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದಕ್ಕೆ ತಗಲುವ ಶ್ರಮ ಒಂದು ನಿಶ್ಚಿತ ಶೇಕಡಾ ಇಳಿಯುತ್ತದೆ. 90 ಶೇಕಡಾದ ರೇಖೆ ಹಿಡಿದರೆ ಮೊದಲ ಹಡಗಿಗೆ 100 ಗಂಟೆ, ಎರಡನೆಯದಕ್ಕೆ 90, ನಾಲ್ಕನೆಯದಕ್ಕೆ 81, ಎಂಟನೆಯದಕ್ಕೆ 73. ಕಾಗದದ ಮೇಲೆ ಸೊಗಸು. ಆದರೆ ನಾಲ್ಕನೆಯ ಮತ್ತು ಐದನೆಯ ಹಡಗಿನ ಆರ್ಡರಿನ ನಡುವೆ ಮೂರು ವರ್ಷ ಬಿಡುವು ಬಿದ್ದರೆ, ವೆಲ್ಡರು ಬೇರೆ ಕಡೆ ಹೋಗಿರುತ್ತಾನೆ, ಫೋರ್‌ಮನ್ ನಿವೃತ್ತನಾಗಿರುತ್ತಾನೆ, ರೇಖೆ ಮತ್ತೆ ಮೇಲಕ್ಕೆ ಏರುತ್ತದೆ. 32 ಕಟ್ಟಬೇಕೆಂದುಕೊಂಡಿದ್ದ ಝುಮ್‌ವಾಲ್ಟ್ ಡೆಸ್ಟ್ರಾಯರ್‌ಗಳು ಮೂರಕ್ಕೇ ನಿಂತವು. ಅಲ್ಲಿ ಪಳಗುವುದಕ್ಕೆ ಹಡಗುಗಳೇ ಉಳಿಯಲಿಲ್ಲ, ವಿನ್ಯಾಸದ ಇಡೀ ಖರ್ಚು ಮೂರರ ತಲೆಯ ಮೇಲೆ ಬಿತ್ತು.

ಬೆಲೆಯೇರಿಕೆಯ ವಿಷಯದಲ್ಲೂ ಸಿಬಿಒ ಹುಷಾರು. ಹಡಗು ಕಟ್ಟುವ ಖರ್ಚು ದೇಶದ ಸಾಮಾನ್ಯ ಬೆಲೆಯೇರಿಕೆಗಿಂತ ವೇಗವಾಗಿ ಏರುತ್ತಾ ಬಂದಿದೆ, ಆ ಹೆಚ್ಚುವರಿಯನ್ನು ಅವರು ಮುಂದಿನ ವರ್ಷಗಳಿಗೂ ಹಿಡಿಯುತ್ತಾರೆ. ವರ್ಷಕ್ಕೆ ಒಂದೇ ಒಂದು ಶೇಕಡಾ ಅಂಶ ಹೆಚ್ಚು ಎಂದು ಇಟ್ಟುಕೊಳ್ಳಿ, 30 ವರ್ಷಕ್ಕೆ ಅದು 35 ಶೇಕಡಾ ಆಗುತ್ತದೆ. ದೂರದ ವರ್ಷಗಳಿಗೆ ಹೋದಂತೆ ನೌಕಾಪಡೆಯ ಅಂಕಿಯೂ ಇವರ ಅಂಕಿಯೂ ದೂರ ಸರಿಯುವುದಕ್ಕೆ ಇದೂ ಒಂದು ಕಾರಣ.

ಹಡಗುಗಳ ಎಣಿಕೆಯ ಮಾದರಿ ಬೇರೆಯೇ ಸೊಗಸು. ಯಾವ ಹಡಗು ಯಾವ ವರ್ಷ ಸೇವೆಗೆ ಬರುತ್ತದೆ, ಯಾವುದು ಯಾವಾಗ ನಿವೃತ್ತಿಯಾಗುತ್ತದೆ ಎಂದು ವರ್ಷವರ್ಷಕ್ಕೆ ಕೂಡಿ ಕಳೆಯುವುದು. ಗುರಿ 381 ಹಡಗು, 2054ಕ್ಕೆ ಸಂಖ್ಯೆ 390 ಮುಟ್ಟುತ್ತದೆ. ಆದರೆ ಅದಕ್ಕೂ ಮೊದಲು, 2027ರಲ್ಲಿ, ಪಡೆ 283ಕ್ಕೆ ಕುಸಿಯುತ್ತದೆ. ಇಂದು ಆರ್ಡರ್ ಕೊಟ್ಟ ಹಡಗು ಕೈಸೇರಲು ವರ್ಷಗಳು ಬೇಕು, ಹಳೆಯದು ಮಾತ್ರ ತನ್ನ ಆಯಸ್ಸು ಮುಗಿದ ದಿನ ಹೊರಡುತ್ತದೆ. ಈ ತಗ್ಗನ್ನು ಅವರ ರೇಖಾಚಿತ್ರದಲ್ಲಿ ಒಮ್ಮೆ ನೋಡಿದರೆ, ಬರಿಯ ಕೊನೆಯ ಅಂಕಿ ಹೇಳುವ ಭಾಷಣಗಳನ್ನು ಕೇಳುವ ರೀತಿಯೇ ಬದಲಾಗುತ್ತದೆ.

ಅವರ ವೆಬ್‌ಸೈಟಿನಲ್ಲಿ ಪಡೆಗಳನ್ನು ಕೂಡಿಸಿ ಕಳೆದು ನೋಡುವ ಒಂದು ಉಪಕರಣವೂ ಇದೆ. ಹಡಗು, ವಿಮಾನ ದಳ, ಸೇನಾ ಬ್ರಿಗೇಡ್‌ಗಳ ಸಂಖ್ಯೆ ಬದಲಿಸಿದರೆ ನಡೆಸುವ ಖರ್ಚು ಮತ್ತು ಸಿಬ್ಬಂದಿ ಎಷ್ಟು ಬದಲಾಗುತ್ತದೆ ಎಂದು ತೋರಿಸುತ್ತದೆ. ವಿಮಾನವಾಹಕ ನೌಕೆಯ ಹಿಂದೆ ನೌಕೆಯಲ್ಲಿ ಇರುವವರಲ್ಲದೆ, ದಡದಲ್ಲಿ ಕೂತು ಬೆಂಬಲ ಕೊಡುವವರು, ತರಬೇತಿ ಕೊಡುವವರು ಎಷ್ಟೊಂದು ಜನ ಎಂಬುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ವಿದ್ಯಾರ್ಥಿಗಳಿಗೆ ಒಳ್ಳೆಯದು. ನನಗೆ ಒಂದೆರಡು ಬಾರಿ ಆಡಿದ ಮೇಲೆ ಹೆಚ್ಚಿನದೇನೂ ಸಿಗಲಿಲ್ಲ, ವರದಿಗಳೇ ಮೇಲು.

ಇನ್ನು ಕೊರತೆಗಳು. ಮೊದಲನೆಯದು, ಹಡಗಿಗೆ ಒಂದೇ ಸರಾಸರಿ ಅಂಕಿ. ಡಿಡಿಜಿ-ಎಕ್ಸ್‌ಗೆ 4.4 ಬಿಲಿಯನ್ ಸರಿ, ಅದು 3.8 ಆಗುವ ಸಂಭವ ಎಷ್ಟು, 5.5 ಆಗುವ ಸಂಭವ ಎಷ್ಟು? ತೂಕ, ಗಂಟೆ, ದರ ಒಂದೊಂದಕ್ಕೂ ಮೇಲಿನ ಕೆಳಗಿನ ಮಿತಿ ಕೊಟ್ಟು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಓಡಿಸಿ ಸಂಭವನೀಯತೆಯ ರೇಖೆ ತೆಗೆಯುವ ಮಾಂಟೆ ಕಾರ್ಲೊ ವಿಧಾನ ನಮ್ಮಂಥ ಸಣ್ಣ ತಂಡಗಳಲ್ಲೂ ಬಳಕೆಯಲ್ಲಿದೆ. ಅನಿಶ್ಚಿತತೆಯ ಬಗ್ಗೆ ಸಿಬಿಒ ಮಾತಿನಲ್ಲಿ ಬರೆಯುತ್ತದೆ, ಆ ಮಾತು ಪ್ರತಿ ಹಡಗಿನ ಸಾಲಿನಲ್ಲಿ ಅಂಕಿಯಾಗಿ ಬಂದರೆ ಓದುವವರಿಗೆ ಇನ್ನೂ ಎಷ್ಟೋ ಉಪಯೋಗ.

ಎರಡನೆಯದು ತೂಕದ ಮೇಲಿನ ಭಾರೀ ನಂಬಿಕೆ. ಉಕ್ಕು ಅಗ್ಗ, ಗಾಳಿ ಪುಕ್ಕಟೆ ಎಂಬ ಮಾತು ಹಡಗು ವಿನ್ಯಾಸಕಾರರಲ್ಲಿದೆ. ಹಡಗಿನ ಒಡಲು ಸ್ವಲ್ಪ ದೊಡ್ಡದಿದ್ದರೆ ಪೈಪು ಎಳೆಯುವವನಿಗೆ ಕೈಯಾಡಿಸಲು ಜಾಗ ಸಿಗುತ್ತದೆ, ಗಂಟೆಗಳು ಉಳಿಯುತ್ತವೆ, ಮುಂದೆ ರಿಪೇರಿಯೂ ಸಲೀಸು. ಬೆಲೆ ಇಳಿಸಬೇಕೆಂದು ತೂಕ ಇಳಿಸಿ ಎಲ್ಲವನ್ನೂ ಇಕ್ಕಟ್ಟಿನಲ್ಲಿ ತುರುಕಿದರೆ, ಟನ್ನು ಕಡಿಮೆಯಾಗಿ ಗಂಟೆ ಹೆಚ್ಚಾಗುತ್ತದೆ. ಟನ್ ದರದ ಮಾದರಿಯನ್ನು ಅರೆಬರೆ ಓದಿದವರು ಚಿಕ್ಕ ಹಡಗೇ ಅಗ್ಗ ಎಂಬ ತೀರ್ಮಾನಕ್ಕೆ ಬೀಳುವ ಅಪಾಯ ಇದೆ. ಹೋಲಿಕೆಗೆ ಯಾವ ಹಳೆಯ ಹಡಗನ್ನು ಆರಿಸುತ್ತೇವೆ ಎಂಬುದರಲ್ಲೇ ಅರ್ಧ ಉತ್ತರ ಅಡಗಿರುತ್ತದೆ. ಫ್ರಿಗೇಟ್ ವರದಿಯಲ್ಲಿ ಅವರು ಆ ಆಯ್ಕೆಯನ್ನು ಬಿಡಿಸಿ ವಿವರಿಸಿದ್ದಾರೆ. ದೊಡ್ಡ ವಾರ್ಷಿಕ ವರದಿಯಲ್ಲಿ ಹಡಗುಗಳು ಹಲವು, ಒಂದೊಂದಕ್ಕೆ ಸಿಗುವ ಜಾಗ ಕಡಿಮೆ.

ಮೂರನೆಯದು ಯಾರ್ಡುಗಳ ಕೈಬಲ. ವರ್ಷಕ್ಕೆ ಎರಡು ವರ್ಜೀನಿಯಾ ಜಲಾಂತರ್ಗಾಮಿಗಳ ಗುರಿಯಿದ್ದರೂ ಈಚಿನ ವರ್ಷಗಳಲ್ಲಿ ಹೊರಬರುತ್ತಿರುವುದು 1.2ರ ಆಸುಪಾಸು. ಈ ಕೊರತೆಯ ಬಗ್ಗೆ ವರದಿ ಎಚ್ಚರಿಕೆಯನ್ನೇನೋ ಕೊಡುತ್ತದೆ, ಆದರೆ ಪಡೆಯ ಎಣಿಕೆಯ ರೇಖೆ ಸಾಗುವುದು ಯೋಜನೆಯ ವೇಗದಲ್ಲೇ. ಈಗಿನ ವೇಗವೇ ಮುಂದುವರಿದರೆ 2040ರಲ್ಲಿ ಎಷ್ಟು ಜಲಾಂತರ್ಗಾಮಿಗಳಿರುತ್ತವೆ ಎಂಬ ಎರಡನೆಯ ರೇಖೆ ಅದರ ಪಕ್ಕದಲ್ಲಿ ಬೇಕಿತ್ತು. ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ, ಏಕೆಂದರೆ ಹಣ ಇದ್ದೂ ಹಡಗು ಬಾರದಿರುವುದೇ ಈಗಿನ ಸಮಸ್ಯೆ.

ಸಮಯದ ಮಾತೂ ಇದೆ. ನೌಕಾಪಡೆಯ ಯೋಜನೆ 2024ರ ಮಾರ್ಚಿನಲ್ಲಿ ಬಂತು, ಇವರ ವರದಿ 2025ರ ಜನವರಿಯಲ್ಲಿ. ಅಷ್ಟರಲ್ಲಿ ಅಲ್ಲಿನ ಹಣಕಾಸು ವರ್ಷ ಶುರುವಾಗಿ ಮೂರು ತಿಂಗಳು ಕಳೆದಿತ್ತು. ಆಳವಾದ ಲೆಕ್ಕಕ್ಕೆ ಸಮಯ ಬೇಕು, ಒಪ್ಪುತ್ತೇನೆ. ಆದರೆ ಪ್ರಮುಖ ಹಡಗುಗಳ ಪಟ್ಟಿಯಷ್ಟನ್ನಾದರೂ ಮೊದಲೇ ಬಿಟ್ಟರೆ ಬಜೆಟ್‌ಗೆ ಓಟು ಹಾಕುವ ಸಂಸತ್ ಸದಸ್ಯರಿಗೆ ಅನುಕೂಲ.

ಇಷ್ಟಾದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಲಕ್ಷಗಟ್ಟಲೆ ಬೆಲೆಯ ಅಂದಾಜು ಸಾಫ್ಟ್‌ವೇರುಗಳನ್ನು ನಾನು ಬಳಸಿದ್ದೇನೆ. ತೂಕ, ಸಂಕೀರ್ಣತೆಯ ಅಂಕ, ಸಂಖ್ಯೆ ಕೊಟ್ಟರೆ ಬೆಲೆ ಉಗುಳುತ್ತವೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಇಲ್ಲಿ ಪ್ರತಿ ಅಂಕಿಯ ಹಿಂದೆ ನೀರಿಗಿಳಿದ ಒಂದು ಹಡಗಿದೆ, ಅದಕ್ಕೆ ನಿಜವಾಗಿ ತೆತ್ತ ಹಣ ಇದೆ.

ಶುರು ಮಾಡುವವರು ನೇರ ದೊಡ್ಡ ವರದಿಗೆ ಕೈ ಹಾಕಬೇಡಿ. 2020ರ ಫ್ರಿಗೇಟ್ ವರದಿಯಿಂದ ಹೊರಡಿ, ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಅದರ ಪಕ್ಕದಲ್ಲಿ 2024ರ ಜಿಎಒ ವರದಿ ಇಟ್ಟುಕೊಳ್ಳಿ. ಆಮೇಲೆ 2025ರ ವಾರ್ಷಿಕ ವರದಿಯಲ್ಲಿ ನೌಕಾಪಡೆಯ ಬೆಲೆ, ಸಿಬಿಒ ಬೆಲೆ ಎರಡೂ ಇರುವ ಕೋಷ್ಟಕವನ್ನು ಹುಡುಕಿ, ಒಂದೊಂದು ಹಡಗಿನ ಎದುರಿಗೂ ಅದರ ಟನ್ನು ಬರೆದು ಭಾಗಿಸುತ್ತಾ ಹೋಗಿ. ಯಾವ ಸಾಲಿನಲ್ಲಿ ಹೊಸ ಹಡಗು ಹಳೆಯದಕ್ಕಿಂತ ಟನ್ನಿಗೆ ಅಗ್ಗ ಎಂದು ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಕಾರಣವನ್ನು ಅಡಿಟಿಪ್ಪಣಿಗಳಲ್ಲಿ ಹುಡುಕಿ.